ವಾಯುಪಡೆಯ ನೀಲಿ ಸಮವಸ್ತ್ರ ತೊಟ್ಟಿದ್ದ ಅಜ್ಜಿಯರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ನಮ್ಮ ಸೊಸೆ ಇಂಗ್ಲೆಂಡಿನ ಲಿಂಕನ್‌ಶೈರಿನವಳು. ಅವಳ ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯೊಂದು ಸಿಕ್ಕಿತು. ಅದರೊಳಗೆ ಎರಡು ಪದಕಗಳು, ಸಮವಸ್ತ್ರ ತೊಟ್ಟು ನಿಂತ ಹತ್ತೊಂಬತ್ತು ಇಪ್ಪತ್ತರ ಹುಡುಗಿಯೊಬ್ಬಳ ಫೋಟೊ, ಆ ಫೋಟೊದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಊರಿನ ಹೆಸರು, ಇಷ್ಟೇ ಇದ್ದವು. ಯುದ್ಧಕಾಲದಲ್ಲಿ ಅಜ್ಜಿ ವಾಯುಪಡೆಯಲ್ಲಿ ಏನೋ ಗುಮಾಸ್ತೆಯ ಕೆಲಸ ಮಾಡಿದ್ದರು ಎನ್ನುವುದಕ್ಕಿಂತ ಹೆಚ್ಚು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊಮ್ಮಗಳಿಗೆ ಆ ಹುಡುಗಿ ಯಾರೆಂದು ತಿಳಿಯುವ ಹಂಬಲ ಹುಟ್ಟಿತು, ಹುಡುಕಾಟದಲ್ಲಿ ನಾನೂ ಜೊತೆಯಾದೆ.

ಮೊದಲ ಎರಡು ತಿಂಗಳು ನಮ್ಮ ಕೈಗೆ ಏನೂ ಹತ್ತಲಿಲ್ಲ. ಕಾರಣ ಸರಳವಾಗಿತ್ತು: ನಾವು ಅಜ್ಜಿಯನ್ನು ಅವರ ಗಂಡನ ಮನೆಯ ಹೆಸರಿನಲ್ಲಿ ಹುಡುಕುತ್ತಿದ್ದೆವು. ಪಡೆಯ ಕಡತ ತೆರೆಯುವುದು ಹುಡುಗಿ ಸೇರಿದ ದಿನ ಅವಳಿಗಿದ್ದ ಹೆಸರಿನಲ್ಲಿ. ಮನೆಯವರ ನೆನಪಿನಲ್ಲಿ ಉಳಿಯುವುದು ಅವಳು ಮುದುಕಿಯಾದಾಗ ಇದ್ದ ಹೆಸರು. ಅಜ್ಜನನ್ನೋ ಚಿಕ್ಕಪ್ಪನನ್ನೋ ಹುಡುಕುವವರಿಗೆ ಈ ತೊಡಕಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ತವರಿನ ಹೆಸರನ್ನೂ ಮದುವೆಯ ಹೆಸರನ್ನೂ ಮೊದಲು ಒಂದಕ್ಕೊಂದು ಗಂಟು ಹಾಕದೆ ಮುಂದೆ ಹೋದರೆ ಎಷ್ಟು ಒಳ್ಳೆಯ ದಾಖಲಾಲಯದಲ್ಲಿ ಕುಳಿತರೂ ಪ್ರಯೋಜನವಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಮನೆಗಳಿಗೆ ಈಗ ಇಂಥ ಅಜ್ಜಿಯರು ಮದುವೆಯ ಸಂಬಂಧದಿಂದ ಸೇರಿಕೊಂಡಿದ್ದಾರೆ. ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬಗಳಲ್ಲಿಯೂ ಅಂಥವರಿದ್ದರು. ಆ ಮನೆಗಳವರಿಗಾಗಿ, ನಾವು ತಡವಾಗಿ ಕಲಿತ ಕ್ರಮವನ್ನು ಇಲ್ಲಿ ಮೊದಲಿನಿಂದ ಬರೆಯುತ್ತಿದ್ದೇನೆ.

ಯಾವ ಪಡೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ ಸೇರಿದ್ದ ಮಹಿಳಾ ದಳದ ಹೆಸರು ವಿಮೆನ್ಸ್ ಆಕ್ಸಿಲಿಯರಿ ಏರ್ ಫೋರ್ಸ್. ಎಲ್ಲರೂ ಅದನ್ನು ‘ವ್ಯಾಫ್’ ಎಂದೇ ಕರೆಯುತ್ತಿದ್ದರು. ಅದು 1939ರ ಜೂನ್‌ನಲ್ಲಿ ಸ್ಥಾಪನೆಯಾಯಿತು. ಆ ಸೆಪ್ಟೆಂಬರ್‌ನಲ್ಲಿ ಯುದ್ಧ ಘೋಷಣೆಯಾದಾಗ ಅದರಲ್ಲಿದ್ದವರು ಎರಡು ಸಾವಿರಕ್ಕಿಂತ ಕಡಿಮೆ. 1941ರ ಡಿಸೆಂಬರ್‌ನಲ್ಲಿ ಮದುವೆಯಾಗದ ಯುವತಿಯರನ್ನು ಕಡ್ಡಾಯವಾಗಿ ಸೇವೆಗೆ ಕರೆಯುವ ಕಾಯ್ದೆ ಬಂದಿತು, 1943ರ ಹೊತ್ತಿಗೆ ಸಂಖ್ಯೆ 1,80,000ವನ್ನು ದಾಟಿತು. 1949ರ ಫೆಬ್ರವರಿಯಲ್ಲಿ ಅದೇ ದಳಕ್ಕೆ ವಿಮೆನ್ಸ್ ರಾಯಲ್ ಏರ್ ಫೋರ್ಸ್ ಎಂಬ ಹೆಸರನ್ನಿಟ್ಟರು. ಇದೇ ಹೆಸರಿನ ಮತ್ತೊಂದು ದಳ ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಿಂದ 1920ರವರೆಗೆ ಇದ್ದದ್ದರಿಂದ ಎರಡನ್ನೂ ಬೆರೆಸಿಕೊಳ್ಳಬಾರದು. ನೀವು ಹುಡುಕುತ್ತಿರುವುದು ಮುತ್ತಜ್ಜಿಯನ್ನಾಗಿದ್ದು, ಅವರು ಆ ಮೊದಲ ದಳದಲ್ಲಿದ್ದರೆ ದಾರಿ ಹತ್ತಿರದ್ದು: ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಎಐಆರ್ 80’ ಎಂಬ ಸರಣಿಯಲ್ಲಿ ಸಾಮಾನ್ಯ ದರ್ಜೆಯ ಮಹಿಳೆಯರ ಕಡತಗಳು ಹೆಸರಿನ ಅಕ್ಷರಕ್ರಮದಲ್ಲಿ ಡಿಜಿಟಲ್ ರೂಪದಲ್ಲಿವೆ. ಆ ದಳದ ಅಧಿಕಾರಿಣಿಯರ ಕಡತಗಳು ಉಳಿದಿಲ್ಲ.

ಮನೆಯವರು ‘ಏರ್ ಫೋರ್ಸ್‌ನಲ್ಲಿದ್ದಳು’ ಎಂದರೆ ಅದನ್ನು ಪೂರ್ತಿ ನಂಬಿ ಹೊರಡಬೇಡಿ. ವಿಮಾನಗಳನ್ನು ಕಾರ್ಖಾನೆಯಿಂದ ನೆಲೆಗಳಿಗೆ ಹಾರಿಸಿಕೊಂಡು ಹೋಗುತ್ತಿದ್ದ ಮಹಿಳೆಯರು ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ ಎಂಬ ನಾಗರಿಕ ಸಂಸ್ಥೆಯವರು. ವ್ಯಾಫ್‌ನ ಹುಡುಗಿಯರು ವಿಮಾನ ಚಾಲಕಿಯರಾಗಿರಲಿಲ್ಲ. ಆದ್ದರಿಂದ ‘ಅಜ್ಜಿ ವಿಮಾನ ಹಾರಿಸುತ್ತಿದ್ದರು’ ಎಂಬ ಮಾತು ನಿಜವಾಗಿದ್ದರೆ ಅವರ ದಾಖಲೆ ವ್ಯಾಫ್‌ನಲ್ಲಿ ಸಿಗುವುದಿಲ್ಲ, ಮೇಡನ್‌ಹೆಡ್ ಹೆರಿಟೇಜ್ ಸೆಂಟರ್‌ನ ಸಂಗ್ರಹವನ್ನು ನೋಡಬೇಕು. ವಾಯುಪಡೆಯ ಆಸ್ಪತ್ರೆಗಳಲ್ಲಿದ್ದ ತರಬೇತಾದ ದಾದಿಯರದು ಪ್ರಿನ್ಸೆಸ್ ಮೇರಿ ಹೆಸರಿನ ಬೇರೆಯೇ ಸೇವೆ. ಬಲೂನು, ಸರ್ಚ್‌ಲೈಟು, ವಿಮಾನ ಹೊಡೆದುರುಳಿಸುವ ತೋಪು ಇವೆಲ್ಲ ಮನೆಯ ಕಥೆಗಳಲ್ಲಿ ಒಂದರೊಳಗೊಂದು ಬೆರೆಯುತ್ತವೆ. ತಡೆಬಲೂನು ವ್ಯಾಫ್‌ನವರದು, ತೋಪಿನ ದಳದಲ್ಲಿದ್ದ ಹುಡುಗಿಯರು ಭೂಸೇನೆಯ ಮಹಿಳಾ ದಳವಾದ ಎಟಿಎಸ್‌ನವರು.

ಫೋಟೊ ಇದ್ದರೆ ಭೂತಗನ್ನಡಿ ಹಿಡಿದು ನೋಡಿ. ಕಪ್ಪು ಬಿಳುಪಿನಲ್ಲಿ ಬಣ್ಣ ತಿಳಿಯುವುದಿಲ್ಲವಾದರೂ ಟೋಪಿಯ ಬಿಲ್ಲೆಯಲ್ಲಿ ಕಿರೀಟದ ಕೆಳಗಿನ ಹಾರದೊಳಗೆ ಆರ್‌ಎಎಫ್ (ರಾಯಲ್ ಏರ್ ಫೋರ್ಸ್) ಅಕ್ಷರಗಳಿವೆಯೇ, ಭುಜದ ಬಳಿ ಹದ್ದಿನ ಗುರುತಿದೆಯೇ ಎಂದು ಕಾಣುತ್ತದೆ. ತೋಳಿನ ಮೇಲೆ ವಿಮಾನದ ಪಂಖದ ಆಕಾರದ ಗುರುತಿದ್ದರೆ ಆಕೆ ಲೀಡಿಂಗ್ ಏರ್‌ಕ್ರಾಫ್ಟ್‌ವುಮನ್ ದರ್ಜೆಯವಳು. ಮುಷ್ಟಿಯಿಂದ ಮಿಂಚು ಚಿಮ್ಮುವ ಗುರುತಿದ್ದರೆ ವೈರ್‌ಲೆಸ್ ಕೆಲಸದವಳು. ನಮ್ಮ ಫೋಟೊದಲ್ಲಿ ಪಂಖವಿತ್ತು. ಆ ಒಂದು ಗುರುತಿನಿಂದಲೇ ಅವರು ಅಧಿಕಾರಿಯಾಗಿರಲಿಲ್ಲ, ಆದರೆ ಸೇರಿ ಕೆಲವು ಕಾಲ ಕಳೆದು ಬಡ್ತಿ ಪಡೆದಿದ್ದರು ಎಂದು ತಿಳಿಯಿತು.

ಪದಕಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ಬ್ರಿಟನ್ನಿನವರಿಗೆ ಕೊಟ್ಟ ಎರಡನೆಯ ಮಹಾಯುದ್ಧದ ಸಾಮಾನ್ಯ ಪದಕಗಳ ಅಂಚಿನಲ್ಲಿ ಹೆಸರು ಕೆತ್ತುತ್ತಿರಲಿಲ್ಲ. ಬಿಡುಗಡೆಯ ಪುಸ್ತಕ, ಸಂಬಳದ ಪುಸ್ತಕ, ಹೆಸರು ಹಚ್ಚಿದ ಕಿಟ್ ಚೀಲ ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕರೆ ಅದು ಚಿನ್ನಕ್ಕೆ ಸಮ, ಏಕೆಂದರೆ ಅದರ ಮೇಲೆ ಸೇವಾ ಸಂಖ್ಯೆ ಇರುತ್ತದೆ.

ಬದುಕಿರುವವರನ್ನು ಕೇಳುವ ಕ್ರಮ

ಆ ತಲೆಮಾರಿನವರು ಇನ್ನೂ ಬದುಕಿದ್ದರೆ ಅವರಿಗೆ ಈಗ ನೂರರ ಆಸುಪಾಸು. ಹಾಗಾಗಿ ಕೇಳುವ ಕೆಲಸವನ್ನು ಮುಂದಿನ ರಜೆಗೆ ತಳ್ಳಬೇಡಿ. ಅವರೇ ಇಲ್ಲದಿದ್ದರೆ ಅವರ ತಂಗಿ, ನಾದಿನಿ, ಮದುವೆಯಲ್ಲಿ ಜೊತೆ ನಿಂತ ಗೆಳತಿಯ ಮಕ್ಕಳು ಯಾರಾದರೂ ಇರಬಹುದು. ಕೇಳುವಾಗ ‘ಯುದ್ಧದಲ್ಲಿ ನೀವು ಏನು ಮಾಡಿದಿರಿ’ ಎಂಬ ಪ್ರಶ್ನೆಗೆ ‘ಹೇಳುವಂಥದ್ದೇನೂ ಇಲ್ಲ’ ಎಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಅದು ವಿನಯ ಮಾತ್ರವೇ ಆಗಿರಬೇಕಿಲ್ಲ. ರೇಡಾರ್, ಸಂಕೇತಭಾಷೆ, ಕಾರ್ಯಾಚರಣೆಯ ಕೋಣೆಗಳಲ್ಲಿದ್ದವರು ಅಧಿಕೃತ ರಹಸ್ಯ ಕಾಯ್ದೆಗೆ ಸಹಿ ಹಾಕಿದ್ದರು. ಶತ್ರುಗಳ ಸಂಕೇತ ಸಂದೇಶಗಳನ್ನು ಬಿಡಿಸುತ್ತಿದ್ದ ಬ್ಲೆಚ್ಲೀ ಪಾರ್ಕ್‌ನಲ್ಲಿ ದುಡಿದ ಅನೇಕರು 1970ರ ದಶಕದವರೆಗೆ ಗಂಡನಿಗೂ ಹೇಳದೆ ಉಳಿದರು.

ಆದ್ದರಿಂದ ಸಣ್ಣ ಸಂಗತಿಗಳನ್ನು ಕೇಳಿ. ಪಾಳಿ ಹಗಲಿನದೋ ರಾತ್ರಿಯದೋ, ಕೆಲಸದ ಕೋಣೆ ನೆಲದ ಮೇಲಿತ್ತೋ ಕೆಳಗಿತ್ತೋ, ಕಿವಿಗೆ ಹೆಡ್‌ಫೋನ್ ಇತ್ತೋ ಇಲ್ಲವೋ, ಕೈಗೆ ಗ್ರೀಸ್ ಹತ್ತುತ್ತಿತ್ತೋ, ಮಲಗುತ್ತಿದ್ದದ್ದು ನೆಲೆಯೊಳಗಿನ ತಗಡಿನ ಗುಡಿಸಿಲಿನಲ್ಲೋ ಊರಿನ ಯಾರದೋ ಮನೆಯಲ್ಲೋ, ರಜೆ ಸಿಕ್ಕಾಗ ಸಿನಿಮಾ ನೋಡಲು ಯಾವ ಊರಿಗೆ ಹೋಗುತ್ತಿದ್ದರು? ಕೊನೆಯ ಪ್ರಶ್ನೆಯೊಂದರಿಂದಲೇ ಎಷ್ಟೋ ಸಲ ನೆಲೆಯ ಹೆಸರು ಹೊರಬೀಳುತ್ತದೆ. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಯನ್ನು ದಾಖಲಿಸಿಕೊಳ್ಳಿ. ಅವರು ಹೇಳಿದ ಅಡ್ಡಹೆಸರುಗಳನ್ನು ತಿದ್ದದೆ ಕೇಳಿದ ಹಾಗೆಯೇ ಬರೆದಿಡಿ. ಹೇಳಲು ಮನಸ್ಸಿಲ್ಲದ ಕಡೆ ಒತ್ತಾಯ ಬೇಡ. ರಾತ್ರಿ ಹೊರಟ ವಿಮಾನಗಳನ್ನು ಬೆಳಗಿನವರೆಗೆ ಎಣಿಸುತ್ತ ಕುಳಿತವರಿಗೆ ಮರಳಿ ಬಾರದ ಹೆಸರುಗಳು ಇನ್ನೂ ನೆನಪಿರುತ್ತವೆ.

ಎರಡು ಹೆಸರುಗಳ ಗಂಟು

ಮುಂದಿನ ಎಲ್ಲ ಕೆಲಸಕ್ಕೂ ಬೇಕಾದದ್ದು ನಾಲ್ಕು ಸಂಗತಿಗಳು: ಹುಟ್ಟಿದಾಗಿನ ಪೂರ್ತಿ ಹೆಸರು, ಹುಟ್ಟಿದ ದಿನ, ಮದುವೆಯ ದಿನ ಮತ್ತು ಮದುವೆಯ ನಂತರದ ಹೆಸರು. ಎರಡನೆಯ ಮದುವೆಯಾಗಿದ್ದರೆ ಅದನ್ನೂ ಸೇರಿಸಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದಂತೆ ‘ಫ್ರೀ ಬಿಎಂಡಿ’ ಎಂಬ ಉಚಿತ ತಾಣದಲ್ಲಿ ಜನನ, ಮದುವೆ, ಮರಣಗಳ ಸೂಚಿಯನ್ನು ಹುಡುಕಬಹುದು. 1912ರಿಂದ ಈಚಿನ ಮದುವೆಯ ಸೂಚಿಯಲ್ಲಿ ವಧುವಿನ ಹೆಸರಿನ ಪಕ್ಕದಲ್ಲಿ ವರನ ಮನೆತನದ ಹೆಸರೂ, ವರನ ಹೆಸರಿನ ಪಕ್ಕದಲ್ಲಿ ವಧುವಿನದೂ ಇರುತ್ತದೆ. 1911ರ ಕೊನೆಯ ಭಾಗದಿಂದ ಜನನ ಸೂಚಿಯಲ್ಲಿ ತಾಯಿಯ ತವರಿನ ಹೆಸರನ್ನೂ ಕೊಟ್ಟಿದ್ದಾರೆ. ಹೀಗಾಗಿ ಅಜ್ಜಿಯ ತವರಿನ ಹೆಸರು ಯಾರಿಗೂ ನೆನಪಿಲ್ಲದಿದ್ದರೂ ಅವರ ಮಕ್ಕಳೊಬ್ಬರ ಜನನದಿಂದ ಹಿಂದಕ್ಕೆ ಹೋಗಬಹುದು. ಸ್ಕಾಟ್ಲೆಂಡಿನವರಿಗೆ ‘ಸ್ಕಾಟ್ಲೆಂಡ್ಸ್ ಪೀಪಲ್’ ಎಂಬ ತಾಣವಿದೆ.

ಇದಕ್ಕಿಂತಲೂ ದೊಡ್ಡ ಸಹಾಯ 1939ರ ರಿಜಿಸ್ಟರ್. ಗುರುತಿನ ಚೀಟಿ ಮತ್ತು ಪಡಿತರಕ್ಕಾಗಿ 1939ರ ಸೆಪ್ಟೆಂಬರ್ 29ರಂದು ಇಂಗ್ಲೆಂಡ್, ವೇಲ್ಸ್‌ಗಳ ಮನೆಮನೆಯಲ್ಲೂ ಹೆಸರು, ಹುಟ್ಟಿದ ದಿನ, ವೃತ್ತಿಗಳನ್ನು ಬರೆದುಕೊಂಡರು. ಮೊದಲೇ ಸೈನಿಕ ನೆಲೆಗಳಲ್ಲಿದ್ದವರು ಅದರಲ್ಲಿಲ್ಲ. ಆದರೆ ವ್ಯಾಫ್‌ನ ಬಹುಪಾಲು ಹುಡುಗಿಯರು ಆ ದಿನ ಇನ್ನೂ ತಂದೆತಾಯಿಯರ ಮನೆಯಲ್ಲೇ ಇದ್ದದ್ದರಿಂದ ತವರಿನ ಹೆಸರಿನಲ್ಲಿಯೇ ಸಿಗುತ್ತಾರೆ. ಈ ಪುಸ್ತಕಗಳನ್ನು ಮುಂದೆ ರಾಷ್ಟ್ರೀಯ ಆರೋಗ್ಯ ಸೇವೆಯವರು ದಶಕಗಳ ಕಾಲ ಬಳಸಿದರು, ಯಾವ ಹುಡುಗಿಯ ಮದುವೆಯಾದರೂ ಅವಳ ಹಳೆಯ ಹೆಸರಿಗೆ ಗೀಟು ಹಾಕಿ ಹೊಸ ಹೆಸರನ್ನು ಮೇಲೆ ಬರೆದರು. ಒಂದೇ ಸಾಲಿನಲ್ಲಿ ತವರಿನ ಹೆಸರು, ಅದರ ತಲೆಯ ಮೇಲೆ ಗಂಡನ ಮನೆಯ ಹೆಸರು! ನಮ್ಮ ಸೊಸೆ ಕಂಪ್ಯೂಟರಿನ ಮುಂದೆ ಕುಳಿತು ಆ ಸಾಲನ್ನು ಕಂಡ ಗಳಿಗೆ ನನಗೆ ಮರೆಯುವಂಥದ್ದಲ್ಲ. ಹದಿನಾರರ ಅಜ್ಜಿ ಅಲ್ಲಿ ಅಂಗಡಿಯ ಸಹಾಯಕಿಯಾಗಿದ್ದರು. ಫೈಂಡ್‌ಮೈಪಾಸ್ಟ್, ಆನ್ಸೆಸ್ಟ್ರಿ ತಾಣಗಳಲ್ಲಿ ಹಣ ಕೊಟ್ಟು ನೋಡಬಹುದು, ಕ್ಯೂನ ಓದುವ ಕೋಣೆಯಲ್ಲಿ ಉಚಿತ. ಹುಟ್ಟಿ ನೂರು ವರ್ಷ ತುಂಬದವರ ಸಾಲುಗಳನ್ನು ಮರಣದ ಪುರಾವೆ ಇಲ್ಲದಿದ್ದರೆ ಮುಚ್ಚಿರುತ್ತಾರೆ ಎಂಬುದು ನೆನಪಿರಲಿ.

ಯುದ್ಧ ನಡೆಯುತ್ತಿದ್ದಾಗಲೇ ಮದುವೆಯಾದವರ ಕಡತ ಎರಡು ಹೆಸರುಗಳಲ್ಲೂ ಇರಬಹುದು. ಕಾರ್ಡಿನ ಮೇಲಿನ ತವರಿನ ಹೆಸರನ್ನು ಹೊಡೆದುಹಾಕಿ ಹೊಸ ಹೆಸರು ಬರೆದದ್ದೂ ಉಂಟು, ಹಾಗೆಯೇ ಬಿಟ್ಟದ್ದೂ ಉಂಟು. ಪ್ರತಿ ಹುಡುಕಾಟವನ್ನೂ ಎರಡು ಸಲ, ಒಂದೊಂದು ಹೆಸರಿನಲ್ಲಿ ಒಂದೊಂದು ಸಲ ಮಾಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಹೆಸರು ಎಷ್ಟು ವೇಷ ಹಾಕುತ್ತದೆ: ನೂರ್ ಇನಾಯತ್ ಖಾನ್

ವ್ಯಾಫ್‌ನಲ್ಲಿ ಸೇವೆ ಸಲ್ಲಿಸಿದವರಲ್ಲಿ ಕನ್ನಡ ನೆಲಕ್ಕೆ ಹತ್ತಿರದವರೊಬ್ಬರ ದಾಖಲೆಗಳನ್ನು ಈ ಕಣ್ಣಿನಿಂದ ನೋಡಿದರೆ ಪಾಠ ಸ್ಪಷ್ಟವಾಗುತ್ತದೆ. ನೂರ್ ಇನಾಯತ್ ಖಾನ್ ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ. ತಂದೆ ಬರೋಡದ ಸಂಗೀತಗಾರ, ಸೂಫಿ ಗುರು ಹಜರತ್ ಇನಾಯತ್ ಖಾನ್. ತಾಯಿ ಅಮೆರಿಕದ ಓರಾ ರೇ ಬೇಕರ್. ತಂದೆಯ ತಾಯಿಯ ಕಡೆಯಿಂದ ಈ ಮನೆತನ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ವಂಶಕ್ಕೆ ಸೇರುತ್ತದೆ. ಆ ಕೊಂಡಿಯೂ ಹೆಣ್ಣುಮಕ್ಕಳ ಮೂಲಕ ಬಂದದ್ದು, ಹಾಗಾಗಿ ಹೆಸರಿನಲ್ಲಿ ಅದರ ಗುರುತೇ ಇಲ್ಲ.

ನೂರ್ 1940ರ ನವೆಂಬರ್‌ನಲ್ಲಿ ಅತಿ ಕೆಳಗಿನ ದರ್ಜೆಯ ಏರ್‌ಕ್ರಾಫ್ಟ್‌ವುಮನ್ ಆಗಿ ವ್ಯಾಫ್ ಸೇರಿ ವೈರ್‌ಲೆಸ್ ತರಬೇತಿ ಪಡೆದರು. ಅಲ್ಲಿ ಅವರ ಹೆಸರು ನೂರ್ ಅಲ್ಲ, ನೋರಾ. 1943ರಲ್ಲಿ ಎಸ್‌ಒಇ ಎಂಬ ಗುಪ್ತ ಕಾರ್ಯಾಚರಣೆಯ ಸಂಸ್ಥೆ ಅವರನ್ನು ಆರಿಸಿಕೊಂಡಾಗ ತಾಯಿಯ ತವರಿನ ಹೆಸರಿನಿಂದ ನೋರಾ ಬೇಕರ್ ಆದರು. ಅದೇ ವರ್ಷದ ಜೂನ್‌ನಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಇಳಿದ ಮೇಲೆ ಅವರ ಸಂಕೇತನಾಮ ಮಾದೆಲೀನ್, ಕೈಯಲ್ಲಿದ್ದ ಕಾಗದಪತ್ರಗಳಲ್ಲಿ ಬೇರೊಂದು ಫ್ರೆಂಚ್ ಹೆಸರು. ಜೊತೆಯವರೆಲ್ಲ ಸೆರೆಸಿಕ್ಕ ಮೇಲೂ ಪ್ಯಾರಿಸ್ಸಿನಿಂದ ಸಂದೇಶ ಕಳಿಸುತ್ತ ಉಳಿದ ಅವರು ಆ ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದರು. 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಖಾವ್ ಸೆರೆಶಿಬಿರದಲ್ಲಿ ಅವರನ್ನು ಕೊಂದರು. 1949ರ ಏಪ್ರಿಲ್ 5ರಂದು ಬ್ರಿಟಿಷ್ ಸರ್ಕಾರದ ಅಧಿಕೃತ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿ ಜಾರ್ಜ್ ಕ್ರಾಸ್ ಎಂಬ ಶೌರ್ಯಪದಕ ಪ್ರಕಟವಾದಾಗ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ನೋರಾ ಇನಾಯತ್ ಖಾನ್ ಎಂದು ಹೆಸರಿಸಿದರು. ಸಮಾಧಿ ಇಲ್ಲದ್ದರಿಂದ ರನ್ನಿಮೀಡ್‌ನ ವಾಯುಪಡೆ ಸ್ಮಾರಕದಲ್ಲಿ ಅವರ ಹೆಸರಿದೆ.

‘ನೂರ್ ಖಾನ್’ ಎಂದು ಹುಡುಕುವವರಿಗೆ ಇವುಗಳಲ್ಲಿ ಹಲವು ಕಾಣಿಸುವುದೇ ಇಲ್ಲ. ಮನೆತನದ ಹೆಸರನ್ನು ಖಾನ್ ಎಂದಲ್ಲ, ‘ಇನಾಯತ್ ಖಾನ್’ ಎಂದು ಇಡಿಯಾಗಿ ಹಿಡಿದಿರುವುದರಿಂದ ಇಂಗ್ಲಿಷ್ ಅಕ್ಷರಕ್ರಮದಲ್ಲಿ ‘ಐ’ ಅಡಿಯಲ್ಲಿ ನೋಡಬೇಕು. ಅವರ ಎಸ್‌ಒಇ ಕಡತ ಕ್ಯೂನಲ್ಲಿ ‘ಎಚ್‌ಎಸ್ 9/836/5’ ಎಂಬ ಸಂಖ್ಯೆಯಲ್ಲಿದೆ. ನಿಮ್ಮ ಬಂಧುವೂ ಗುಪ್ತ ಕೆಲಸಕ್ಕೆ ಹೋಗಿದ್ದರೆ ‘ಎಚ್‌ಎಸ್ 9’ ಸರಣಿಯನ್ನೂ ಒಮ್ಮೆ ನೋಡಿ. ನೂರ್ ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ: ಸಾಮಾನ್ಯ ದರ್ಜೆಯಿಂದ ಅಧಿಕಾರಿಯಾದವರಿಗೆ ಹೊಸ ಸೇವಾ ಸಂಖ್ಯೆ ಸಿಗುತ್ತಿತ್ತು. ಎರಡು ಸಂಖ್ಯೆಗಳು ಕಂಡರೆ ಇಬ್ಬರು ಬೇರೆ ಬೇರೆ ಹೆಂಗಸರೆಂದು ತಿಳಿದು ಒಂದನ್ನು ಬಿಟ್ಟುಬಿಡಬೇಡಿ.

ಸೇವಾ ಸಂಖ್ಯೆ ಮತ್ತು ಕಡತಕ್ಕೆ ಅರ್ಜಿ

ಮನೆಯಲ್ಲಿ ಸಂಖ್ಯೆ ಸಿಗದಿದ್ದರೆ ನ್ಯಾಷನಲ್ ಆರ್ಕೈವ್ಸ್‌ನ ‘ಎಐಆರ್ 78’ ಸರಣಿಯನ್ನು ನೋಡಿ. ವಾಯುಪಡೆಯ ಸಾಮಾನ್ಯ ದರ್ಜೆಯವರ ಹೆಸರಿನ ಕಾರ್ಡುಗಳನ್ನು ಮೈಕ್ರೋಫಿಲ್ಮ್‌ನಿಂದ ಡಿಜಿಟಲ್ ಮಾಡಿ ಮನೆತನದ ಹೆಸರಿನ ಕ್ರಮದಲ್ಲಿ ಅಲ್ಲಿ ಇಟ್ಟಿದ್ದಾರೆ. ಹೆಸರು ಟೈಪ್ ಮಾಡಿದರೆ ನೇರವಾಗಿ ಸಿಗುವ ವ್ಯವಸ್ಥೆಯಲ್ಲ ಇದು; ದೊಡ್ಡ ಕಡತವನ್ನು ಇಳಿಸಿಕೊಂಡು ಹಾಳೆ ತಿರುವಿದ ಹಾಗೆ ತಿರುವಬೇಕು. ಸ್ಮಿತ್, ಜೋನ್ಸ್‌ನಂಥ ಹೆಸರಾದರೆ ತಾಳ್ಮೆ ಬೇಕು. ಕಾರ್ಡಿನಲ್ಲಿ ಇರುವುದು ಹೆಸರು ಮತ್ತು ಸಂಖ್ಯೆಗಿಂತ ಹೆಚ್ಚೇನಿಲ್ಲ, ಆದರೆ ಮುಂದಿನ ಬಾಗಿಲಿನ ಕೀಲಿ ಅದೇ. ಸರಣಿಗಳ ಸಂಕೇತವನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ‘ಡಿಸ್ಕವರಿ’ ಎಂಬ ಅವರ ಸೂಚಿಯಲ್ಲಿ ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲಿಯೇ ಹಾಕಬೇಕು.

ಎರಡನೆಯ ಮಹಾಯುದ್ಧದ ವೈಯಕ್ತಿಕ ಸೇವಾ ಕಡತಗಳು ಬಹುಕಾಲ ಬ್ರಿಟನ್ನಿನ ರಕ್ಷಣಾ ಸಚಿವಾಲಯದ ವಶದಲ್ಲೇ ಇದ್ದವು. 2022ರಿಂದ ಮೂರೂ ಪಡೆಗಳ ಲಕ್ಷಗಟ್ಟಲೆ ಕಡತಗಳನ್ನು ಹಂತಹಂತವಾಗಿ ನ್ಯಾಷನಲ್ ಆರ್ಕೈವ್ಸ್‌ಗೆ ಸಾಗಿಸುತ್ತಿದ್ದಾರೆ. ಆದ್ದರಿಂದ ಅರ್ಜಿ ಹಾಕುವ ದಿನವೇ ಬ್ರಿಟಿಷ್ ಸರ್ಕಾರದ ತಾಣದ ಸೇವಾ ದಾಖಲೆಗಳ ಪುಟವನ್ನು ಓದಿ, ನಿಮ್ಮ ಬಂಧುವಿನ ಪಡೆಯ, ದರ್ಜೆಯ ಕಡತಗಳು ಈಗ ಯಾರ ಬಳಿ ಇವೆ ಎಂದು ನೋಡಿಕೊಂಡು ಅಲ್ಲಿಗೇ ಕಳಿಸಿ. ಹಳೆಯ ಪುಸ್ತಕಗಳಲ್ಲಿ ಕೊಟ್ಟ ವಿಳಾಸಕ್ಕೆ ಅರ್ಜಿ ಕಳಿಸಿ ತಿಂಗಳುಗಟ್ಟಲೆ ಕಾದು ಕೂರಬೇಡಿ.

ಅಜ್ಜಿ ಬದುಕಿದ್ದರೆ ಅರ್ಜಿ ಅವರದೇ ಆಗಿರಬೇಕು. ತಮ್ಮದೇ ಕಡತವನ್ನು ಕೇಳುವ ಹಕ್ಕು ಅವರಿಗಿದೆ, ನೀವು ಬರೆದುಕೊಟ್ಟು ಅವರ ಸಹಿ ಪಡೆಯಿರಿ. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರದ ಪ್ರತಿ ಬೇಕು. ಸೇವೆಯಲ್ಲಿರುವಾಗಲೇ ಮೃತರಾಗಿದ್ದರೆ ಅದು ಬೇಕಿಲ್ಲ. ತೀರಿಕೊಂಡು 25 ವರ್ಷ ಕಳೆಯದಿದ್ದರೆ ಅತ್ಯಂತ ಹತ್ತಿರದ ವಾರಸುದಾರರ ಒಪ್ಪಿಗೆಯಿಲ್ಲದೆ ಸಚಿವಾಲಯ ಕೊಡುವ ವಿವರ ಅಲ್ಪ. ಇಲ್ಲಿ ನಮ್ಮ ಕುಟುಂಬಗಳಲ್ಲಿ ಒಂದು ಎಡವಟ್ಟು ಸಹಜವಾಗಿ ಆಗುತ್ತದೆ: ಉತ್ಸಾಹ ಇರುವುದು ಮೊಮ್ಮಗಳಿಗೋ ಸೊಸೆಗೋ, ಕಾನೂನಿನ ಹತ್ತಿರದ ಬಂಧು ಮಾತ್ರ ದೂರದಲ್ಲಿರುವ ಮಾವನೋ ದೊಡ್ಡಮ್ಮನೋ. ಅವರನ್ನು ಮೊದಲೇ ಕಂಡು, ವಿಷಯ ತಿಳಿಸಿ, ಅವರ ಸಹಿಯೊಂದಿಗೇ ಕಳಿಸುವುದು ಸರಿ. ಆರ್ಕೈವ್ಸ್‌ಗೆ ಹೋದ ಕಡತಗಳನ್ನು, ಹುಟ್ಟಿ 115 ವರ್ಷ ತುಂಬದವರದಾಗಿದ್ದರೆ, ಮರಣದ ಪುರಾವೆ ಕೊಟ್ಟ ಮೇಲೆ ಪರಿಶೀಲಿಸಿ ತೆರೆಯುತ್ತಾರೆ. ತವರಿನ ಹೆಸರಿನ ಕಡತಕ್ಕೆ ಗಂಡನ ಮನೆಯ ಹೆಸರಿನ ಮರಣಪತ್ರ ಕಳಿಸುವಾಗ ನಡುವಿನ ಕೊಂಡಿಯಾಗಿ ಮದುವೆಯ ಪ್ರಮಾಣಪತ್ರವನ್ನೂ ಇಡಲು ಮರೆಯಬೇಡಿ.

ಬಂದ ಕಡತವನ್ನು ಓದುವುದು

ಕಡತ ಕೈಗೆ ಬಂದಾಗ ಮೊದಲು ನಿರಾಸೆಯಾಗುತ್ತದೆ. ಒಂದೋ ಎರಡೋ ಹಾಳೆ, ಅದರ ತುಂಬ ಚುಟುಕು ಅಕ್ಷರಗಳು, ದಿನಾಂಕಗಳು, ಮುದ್ರೆಗಳು. ಕಥೆ ಅಲ್ಲಿಲ್ಲ, ಕಥೆಯ ಜಾಡು ಮಾತ್ರ ಇದೆ. ದರ್ಜೆಗಳು ಹೀಗೆ ಏರುತ್ತವೆ: ಏರ್‌ಕ್ರಾಫ್ಟ್‌ವುಮನ್ ಎರಡನೆಯ ವರ್ಗ, ಮೊದಲನೆಯ ವರ್ಗ, ಲೀಡಿಂಗ್ ಏರ್‌ಕ್ರಾಫ್ಟ್‌ವುಮನ್, ಕಾರ್ಪೊರಲ್, ಸಾರ್ಜೆಂಟ್, ಫ್ಲೈಟ್ ಸಾರ್ಜೆಂಟ್. ಅಧಿಕಾರಿಣಿಯರಲ್ಲಿ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್, ಸೆಕ್ಷನ್ ಆಫೀಸರ್, ಫ್ಲೈಟ್ ಆಫೀಸರ್, ಸ್ಕ್ವಾಡ್ರನ್ ಆಫೀಸರ್. ಫ್ಲೈಟ್ ಆಫೀಸರ್ ಎಂದಿದ್ದರೆ ವಿಮಾನ ಹಾರಿಸಿದವರೆಂದು ತಿಳಿಯಬಾರದು. ನೆಲೆಗಳ ಪಟ್ಟಿಯಲ್ಲಿ ಮೊದಲಿನದು ಇನ್ಸ್‌ವರ್ತ್‌ನಂಥ ಡಿಪೋ ಆಗಿದ್ದರೆ ಅದು ಎಲ್ಲ ಹೊಸಬರೂ ಸಮವಸ್ತ್ರ ಪಡೆದು ಕವಾಯತು ಕಲಿತ ಜಾಗ. ಅಲ್ಲಿ ಕೆಲವೇ ವಾರ. ನಿಜವಾದ ಕೆಲಸ ಆ ನಂತರದ ಸಾಲುಗಳಲ್ಲಿ ಶುರುವಾಗುತ್ತದೆ.

ವೃತ್ತಿಯ ಕಲಮಿನ ಬಗ್ಗೆ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಹುಡುಕಾಟದ ತಿರುವು ಅಲ್ಲಿಯೇ ಇತ್ತು. ಅಜ್ಜಿಯ ಹಾಳೆಯಲ್ಲಿ ‘ಕ್ಲರ್ಕ್ ಎಸ್‌ಡಿ’ ಎಂದಿತ್ತು. ಮನೆಯವರು ಹೇಳುತ್ತ ಬಂದ ಗುಮಾಸ್ತೆಯ ಕೆಲಸ ಇದೇ ಎಂದು ಮೊದಲು ಅಂದುಕೊಂಡೆವು. ಎಸ್‌ಡಿ ಎಂದರೆ ಸ್ಪೆಷಲ್ ಡ್ಯೂಟೀಸ್, ಅಂದರೆ ವಿಶೇಷ ಕರ್ತವ್ಯ; ರೇಡಾರ್ ವ್ಯವಸ್ಥೆಯ ಗುಟ್ಟು ಹೊರಬೀಳದಿರಲೆಂದು ಬೇಕೆಂದೇ ಇಟ್ಟ ಸಪ್ಪೆ ಹೆಸರು ಅದು. ಕರಾವಳಿಯ ರೇಡಾರ್ ಗೋಪುರಗಳಿಂದ ಬಂದ ಸುದ್ದಿ ವಾಯುಪಡೆಯ ಫೈಟರ್ ಕಮಾಂಡ್‌ನ ಮುಖ್ಯ ಕಚೇರಿಯಾಗಿದ್ದ ಬೆಂಟ್ಲೀ ಪ್ರಯರಿಯ ಸೋಸುವ ಕೋಣೆಗೆ ತಲುಪಿ, ಅಲ್ಲಿಂದ ನೆಲೆಗಳ ಕಾರ್ಯಾಚರಣೆಯ ಕೋಣೆಗಳಿಗೆ ಹರಿಯುತ್ತಿತ್ತು. ದೊಡ್ಡ ನಕ್ಷೆಯ ಮೇಜಿನ ಸುತ್ತ ಹೆಡ್‌ಫೋನ್ ಹಾಕಿ ನಿಂತ ಹುಡುಗಿಯರು ಉದ್ದನೆಯ ಕೋಲಿನಿಂದ ಶತ್ರು ವಿಮಾನಗಳ ಗುರುತುಗಳನ್ನು ಸರಿಸುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಐದೈದು ನಿಮಿಷಕ್ಕೆ ಕೆಂಪು, ಹಳದಿ, ನೀಲಿ ಬಣ್ಣಗಳಿದ್ದವು. ಸುದ್ದಿ ಬಂದಾಗ ಮುಳ್ಳು ಯಾವ ಬಣ್ಣದಲ್ಲಿತ್ತೋ ಅದೇ ಬಣ್ಣದ ಗುರುತನ್ನು ಇಡಬೇಕು, ಆಗ ಯಾವ ಸುದ್ದಿ ಹಳೆಯದಾಯಿತು ಎಂಬುದು ಮೇಲಿನ ಮಾಳಿಗೆಯಿಂದ ನೋಡುವವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಅಂಗಡಿಯಲ್ಲಿದ್ದ ಹುಡುಗಿ ಇಪ್ಪತ್ತು ದಾಟುವ ಹೊತ್ತಿಗೆ ಈ ಕೆಲಸ ಮಾಡುತ್ತಿದ್ದರು. ಸಾಯುವವರೆಗೆ ಅದನ್ನು ಗುಮಾಸ್ತೆಯ ಕೆಲಸ ಎಂದೇ ಹೇಳಿದರು, ಕೊಟ್ಟ ಮಾತನ್ನು ಹಾಗೆ ಉಳಿಸಿಕೊಂಡರು. ಆದ್ದರಿಂದ ಕಡತದಲ್ಲಿ ಕಂಡ ಪ್ರತಿ ಸಪ್ಪೆ ಪದದ ಅರ್ಥವನ್ನೂ ಹುಡುಕಿ ನೋಡದೆ ಮುಂದೆ ಹೋಗಬೇಡಿ.

ನೆಲೆಯ ದಿನಚರಿ, ಗೆಜೆಟ್, ಸ್ಮಾರಕ

ನೆಲೆ ಮತ್ತು ದಿನಾಂಕ ತಿಳಿದ ಮೇಲೆ ಆ ನೆಲೆಯ ಕಾರ್ಯಾಚರಣೆಯ ದಿನಚರಿಯನ್ನು ಓದಬಹುದು. ನೆಲೆಗಳದು ‘ಎಐಆರ್ 28’, ಸ್ಕ್ವಾಡ್ರನ್‌ಗಳದು ‘ಎಐಆರ್ 27’, ಬಲೂನು ದಳ, ತರಬೇತಿ ಶಾಲೆ ಮುಂತಾದ ಸಣ್ಣ ಘಟಕಗಳದು ‘ಎಐಆರ್ 29’. ಸಾಮಾನ್ಯ ದರ್ಜೆಯ ಹುಡುಗಿಯ ಹೆಸರು ಇವುಗಳಲ್ಲಿ ಬರುವುದು ಅಪರೂಪ ಎಂದು ತಿಳಿದೇ ಓದಿ. ಸಿಗುವುದು ಅವರ ಸುತ್ತಲಿನ ದಿನಗಳು: ಹವೆ, ದಾಳಿ, ಹೊರಟ ವಿಮಾನಗಳು, ಹೊಸದಾಗಿ ಬಂದ ವ್ಯಾಫ್ ತಂಡದ ಸಂಖ್ಯೆ, ಕ್ರಿಸ್ಮಸ್ ಊಟ. ಅವರ ಸೇವೆಯ ಅವಧಿಯನ್ನಷ್ಟೇ ಆರಿಸಿ, ತಿಂಗಳಿಗೊಂದು ಹಾಳೆಯಂತೆ ಟಿಪ್ಪಣಿ ಮಾಡಿಕೊಂಡರೆ ಸಾಕು.

ಅಧಿಕಾರಿಯಾಗಿದ್ದವರ ನೇಮಕ, ಬಡ್ತಿಗಳು ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿದ್ದವು. ಅದರ ತಾಣ ಉಚಿತ. ಯುದ್ಧಕಾಲದ ವಾಯುಪಡೆ ಅಧಿಕಾರಿಗಳ ಪಟ್ಟಿಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಉಚಿತವಾಗಿ ಓದಲು ಇಟ್ಟಿದೆ. ಸೇವೆಯಲ್ಲಿ ಮಡಿದವರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ತಾಣದಲ್ಲಿ ನೋಡಬೇಕು. ಸಮಾಧಿ ಇಲ್ಲದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳಿರುವ ರನ್ನಿಮೀಡ್ ಸ್ಮಾರಕದ ವಿವರವೂ ಅಲ್ಲೇ ಸಿಗುತ್ತದೆ. ಬಾಂಬರ್ ನೆಲೆಗಳಲ್ಲಿದ್ದವರಿಗೆ ಲಿಂಕನ್ನಿನ ಅಂತರರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರ, ಸಂಕೇತಭಾಷೆಯ ಕೆಲಸದವರಿಗೆ ಬ್ಲೆಚ್ಲೀ ಪಾರ್ಕ್‌ನ ಗೌರವ ಪಟ್ಟಿ ನೆರವಾಗುತ್ತವೆ. ನಿಮ್ಮ ಅಜ್ಜಿ ಏನನ್ನೂ ಹೇಳದೆ ಹೋಗಿದ್ದರೂ ಅದೇ ಕೆಲಸ ಮಾಡಿದ ಬೇರೊಬ್ಬರು ಹೇಳಿರಬಹುದು: ಇಂಪೀರಿಯಲ್ ವಾರ್ ಮ್ಯೂಸಿಯಂನ ಧ್ವನಿ ಸಂಗ್ರಹದಲ್ಲಿಯೂ, ಬಿಬಿಸಿ 2003ರಿಂದ 2006ರವರೆಗೆ ಸಾಮಾನ್ಯ ಜನರಿಂದ ಬರೆಸಿದ ಸುಮಾರು 47,000 ನೆನಪುಗಳಲ್ಲಿಯೂ ನೆಲೆಯ ಹೆಸರು, ವೃತ್ತಿಯ ಹೆಸರು ಹಾಕಿ ಹುಡುಕಿ.

ಬೆಂಗಳೂರಿನ ಕಡೆಯವರು

ಅಜ್ಜಿ ಸೇವೆ ಮಾಡಿದ್ದು ಭಾರತದಲ್ಲೇ ಆಗಿದ್ದರೆ, ಅವರು ವ್ಯಾಫ್‌ನವರಾಗಿರುವುದಕ್ಕಿಂತ 1942ರಲ್ಲಿ ಸ್ಥಾಪನೆಯಾದ ವಿಮೆನ್ಸ್ ಆಕ್ಸಿಲಿಯರಿ ಕೋರ್, ಇಂಡಿಯಾ ಎಂಬ ದಳದವರಾಗಿರುವ ಸಂಭವವೇ ಹೆಚ್ಚು. ಈ ದಳದ ಮಹಿಳೆಯರು ಭೂಸೇನೆಗೂ ವಾಯುಪಡೆಗೂ ದುಡಿದರು. ನೌಕಾಪಡೆಯ ಶಾಖೆ ‘ವ್ರಿನ್ಸ್’ ಎಂದು ಹೆಸರಾಯಿತು. ಯುದ್ಧಕಾಲದಲ್ಲಿ ಬೆಂಗಳೂರು ಬ್ರಿಟಿಷ್ ವಾಯುಪಡೆಯ 225ನೆಯ ಗ್ರೂಪ್‌ನ ಕೇಂದ್ರವಾಗಿತ್ತು ಎಂಬುದನ್ನು ನೆನೆದರೆ, ದಂಡಿನ ಪ್ರದೇಶದ ಮನೆಗಳಲ್ಲಿ ಉಳಿದಿರುವ ‘ಆಂಟಿ ಏರ್ ಫೋರ್ಸ್‌ನಲ್ಲಿದ್ದರು’ ಎಂಬ ಮಾತನ್ನು ತಳ್ಳಿಹಾಕಲಾಗದು. ಇವರಲ್ಲಿ ಬಹಳ ಮಂದಿ ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಕುಟುಂಬದವರು. ಅವರ ಮನೆಗಳಲ್ಲಿ ಹಲವು 1947ರ ನಂತರ ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ಹೋದದ್ದರಿಂದ ಕಾಗದಪತ್ರಗಳೂ ಚದುರಿದವು.

ಇಲ್ಲಿ ಮೊದಲ ಆಸರೆ ಚರ್ಚಿನ ಪುಸ್ತಕ. ಬೆಂಗಳೂರು ದಂಡಿನ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿನ ‘ಎನ್/2’ ಸರಣಿಯಲ್ಲಿ ಅವು ಇವೆ, ಫೈಂಡ್‌ಮೈಪಾಸ್ಟ್‌ನಲ್ಲಿ ಡಿಜಿಟಲ್ ಪ್ರತಿಗಳೂ ಇವೆ. ‘ಬೆಂಗಳೂರು’ ಎಂದು ಹುಡುಕಿ ಏನೂ ಸಿಗದವರು ಮದರಾಸಿನ ಅಡಿಯಲ್ಲಿ ನೋಡಬೇಕು. ಬ್ರಿಟಿಷ್ ಇಂಡಿಯಾದ ಕುಟುಂಬಗಳ ಸಂಘವಾದ ‘ಫಿಬಿಸ್’ನ ಹುಡುಕಾಟದ ಪಟ್ಟಿ ಉಚಿತ. ದಳದ ಆಡಳಿತಕ್ಕೆ ಸೇರಿದ ಕಡತಗಳಿಗಾಗಿ ಭಾರತದ ರಾಷ್ಟ್ರೀಯ ದಾಖಲಾಲಯದ ‘ಅಭಿಲೇಖ್ ಪಟಲ್’ ತಾಣದಲ್ಲಿ ದಳದ ಹೆಸರನ್ನು ಪೂರ್ತಿಯಾಗಿಯೂ WAC(I) ಎಂದು ಸಂಕ್ಷೇಪವಾಗಿಯೂ ಹಾಕಿ ನೋಡಿ. ಭಾರತದಲ್ಲಿ ಕೊಟ್ಟ ಪದಕಗಳ ಅಂಚಿನಲ್ಲಿ ಹೆಸರು ಕೆತ್ತಿರುವುದು ಉಂಟು, ಆದ್ದರಿಂದ ಇಲ್ಲಿಯ ಪದಕವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ತಿಕ್ಕಿ ಹೊಳಪು ಮಾತ್ರ ಕೊಡಬೇಡಿ, ಅಕ್ಷರ ಸವೆಯುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದೇ ಕಡೆ ಬರೆದಿಡಿ. ಪ್ರತಿ ಸಂಗತಿಯ ಪಕ್ಕದಲ್ಲಿ ಅದು ಎಲ್ಲಿ ಸಿಕ್ಕಿತು, ಯಾರು ಹೇಳಿದರು, ಯಾವ ದಿನ ನೋಡಿದಿರಿ ಎಂಬುದಿರಲಿ. ಮನೆಯ ಮಾತನ್ನೂ ದಾಖಲೆಯ ಮಾತನ್ನೂ ಬೇರೆ ಬೇರೆ ಶಾಯಿಯಲ್ಲಿ ಬರೆದರೆ ಮುಂದೆ ಗೊಂದಲವಾಗುವುದಿಲ್ಲ. ಕಡತದಲ್ಲಿ ಕಾಯಿಲೆ, ಶಿಕ್ಷೆ, ಮದುವೆಗೆ ಮುಂಚಿನ ಬಸಿರಿನಂಥ ವಿಷಯ ಕಂಡರೆ ಅವರ ಮಕ್ಕಳನ್ನು ಕೇಳದೆ ಯಾರಿಗೂ ತೋರಿಸಬೇಡಿ. ಫೋಟೊಗಳ ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ತವರಿನ ಹೆಸರು, ಮದುವೆಯ ಹೆಸರು, ಸೇವಾ ಸಂಖ್ಯೆ, ನೆಲೆ, ವರ್ಷ ಇಷ್ಟನ್ನೂ ಬರೆಯಿರಿ. ನಮ್ಮ ಸೊಸೆ ಹಾಗೆಯೇ ಬರೆದು, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಫೋಟೊವನ್ನು ಈಗ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ಇಟ್ಟಿದ್ದಾಳೆ. ಅಜ್ಜಿಯೇ ಪೆನ್ಸಿಲಿನಿಂದ ಬರೆದಿದ್ದ ಊರಿನ ಹೆಸರನ್ನು ಅಳಿಸದೆ ಅದರ ಕೆಳಗೆ ಬರೆದಿದ್ದಾಳೆ.